ಮರವಂತೆಯ ಕಡಲ ಮೇಲೊಂದು ಕಾಮನಬಿಲ್ಲು ಬಿಡಿಸಿದ್ದು

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದು, ಚಿತ್ರಕಲಾ ಶಿಕ್ಷಕನ ಕೆಲಸದ ಮೇಲೆ ಕುಂದಾಪುರದ ಕಡೆಗೆ ಬಂದ ನನಗೆ ಮಳೆಗಾಲದ ಈ ಕಡಲಿನ ಮೇಲೆ ಕಾಮನಬಿಲ್ಲು ಮೂಡಿದ ದೃಶ್ಯವೊಂದನ್ನು ಜಲವರ್ಣದಲ್ಲಿ ಬರೆಯಬೇಕೆಂಬ ಆಸೆ ಹುಟ್ಟಿದ್ದು ಮೊದಲ ವರ್ಷವೇ. ಶಾಲೆ ಬಿಟ್ಟ ಮೇಲೆ ಸಂಜೆ ಐದರ ಹೊತ್ತಿಗೆ ಬಸ್ಸಿಳಿದು, ಕಡಲ್ಕೊರೆತ ತಡೆಯಲೆಂದು ದಡದುದ್ದಕ್ಕೂ ಸುರಿದಿರುವ ಕಪ್ಪು ಬಂಡೆಗಳ ಪಕ್ಕದಲ್ಲಿ ಕೊಡೆ ಹಿಡಿದು ನಿಂತು ಕಾಯುತ್ತಿದ್ದೆ. ಮಳೆ ಬಂತು, ಮಳೆಯ ನಡುವೆ ಬಿಸಿಲೂ ಬಂತು. ಆದರೆ ಇಡೀ ಜುಲೈ ತಿಂಗಳಿನಲ್ಲಿ ಕಡಲ ಮೇಲೆ ಒಂದು ಸಲವೂ ಬಿಲ್ಲು ಮೂಡಲಿಲ್ಲ. ಒಂದು ಸಂಜೆ ದಾರಿಹೋಕರೊಬ್ಬರು ನನ್ನ ಬೆನ್ನ ಹಿಂದೆ ಕೈ ತೋರಿಸಿದಾಗ ತಿರುಗಿ ನೋಡಿದರೆ, ನದಿಯ ಆಚೆ, ಕೊಡಚಾದ್ರಿಯ ದಿಕ್ಕಿನಲ್ಲಿ, ತೆಂಗಿನ ತೋಟಗಳ ಮೇಲೆ ತುಂಬು ಬಿಲ್ಲು ನಿಂತಿತ್ತು.

ಆ ಸಂಜೆಯೇ ನನಗೆ ಮೊದಲ ಪಾಠವಾಯಿತು. ಕಾಮನಬಿಲ್ಲು ಯಾವಾಗಲೂ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಮೂಡುತ್ತದೆ ಎಂಬುದು ಶಾಲೆಯ ಪುಸ್ತಕದಲ್ಲಿ ಓದಿದ ಮಾತೇ. ಆದರೆ ಅದನ್ನು ನಮ್ಮ ಕರಾವಳಿಯ ನಕ್ಷೆಯ ಮೇಲಿಟ್ಟು ನೋಡುವ ಯೋಚನೆ ಹೊಳೆದಿರಲಿಲ್ಲ. ಪಡುವಣ ಕಡಲಿನ ದಡದಲ್ಲಿ ಸಂಜೆಯ ಸೂರ್ಯ ಕಡಲಿನ ಮೇಲಿರುತ್ತಾನೆ, ಆದ್ದರಿಂದ ಸಂಜೆಯ ಬಿಲ್ಲು ಘಟ್ಟದ ಪಾಲು. ಕಡಲಿನ ಮೇಲೆ ಬಿಲ್ಲು ನೋಡಬೇಕಾದರೆ ಸೂರ್ಯ ಘಟ್ಟದ ಕಡೆಯಿಂದ ಏರಿ ನಮ್ಮ ಬೆನ್ನಿಗೆ ಬೀಳುತ್ತಿರುವ ಬೆಳಗಿನ ಹೊತ್ತೇ ಆಗಬೇಕು. ಅದಕ್ಕೂ ಒಂದು ಗಡುವು ಇದೆ. ಬಿಲ್ಲಿನ ತ್ರಿಜ್ಯ 42 ಡಿಗ್ರಿ. ಅದರ ಕೇಂದ್ರ ಸೂರ್ಯನಿಗೆ ನೇರ ಎದುರಿನ ಬಿಂದು, ಅಂದರೆ ಬಿಸಿಲಿನಲ್ಲಿ ನಮ್ಮದೇ ತಲೆಯ ನೆರಳು ಬೀಳುವ ದಿಕ್ಕು. ಸೂರ್ಯ ಎಷ್ಟು ಡಿಗ್ರಿ ಮೇಲೇರುತ್ತಾನೋ ಆ ಕೇಂದ್ರ ಅಷ್ಟೇ ಡಿಗ್ರಿ ದಿಗಂತದ ಕೆಳಗಿಳಿಯುತ್ತದೆ. ಸೂರ್ಯ 42 ಡಿಗ್ರಿ ದಾಟಿದನೆಂದರೆ ಬಿಲ್ಲು ಪೂರ್ತಿಯಾಗಿ ದಿಗಂತದ ಕೆಳಗೆ ಹೋಗಿಬಿಡುತ್ತದೆ. ಆಗಸ್ಟ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯೋದಯ ಸುಮಾರು ಆರೂಕಾಲಕ್ಕೆ. ಅಲ್ಲಿಂದ ಮೂರು ಗಂಟೆಯೊಳಗೆ, ಒಂಬತ್ತರ ಸುಮಾರಿಗೆ, ಕಡಲ ಮೇಲಿನ ಬಿಲ್ಲಿನ ಅವಕಾಶ ಆ ದಿನಕ್ಕೆ ಮುಗಿದ ಹಾಗೆ. ಶಾಲೆಗೆ ಹೊರಡುವ ಮೊದಲಿನ ಆ ಎರಡು ಗಂಟೆಗಳನ್ನು ಮುಂದಿನ ಎರಡು ಮಳೆಗಾಲ ನಾನು ಅಲ್ಲಿಯೇ ಕಳೆದೆ.

ಜೂನ್, ಜುಲೈ ತಿಂಗಳುಗಳು ಇದಕ್ಕೆ ಅಷ್ಟಾಗಿ ಒದಗುವುದಿಲ್ಲ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದವೆಂದರೆ ಬಿಡುವುದಿಲ್ಲ. ಆಕಾಶ ಅಂಚಿನಿಂದ ಅಂಚಿಗೆ ಮುಚ್ಚಿರುತ್ತದೆ. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಚಿತ್ರದಲ್ಲಿ ಅಲೆಯ ಎತ್ತರಕ್ಕೆ ಅಳತೆಯಾಗಿ ನಿಲ್ಲಬಲ್ಲ ಒಂದು ದೋಣಿಯೂ ದೂರದಲ್ಲಿ ಕಾಣುವುದು ಅಪರೂಪ. ಮಳೆ ಬಿಡಿಬಿಡಿಯಾಗಿ ಬೀಳತೊಡಗುವುದು, ಒಂದು ಮೋಡದ ಕೆಳಗೆ ಸುರಿಯುತ್ತಿರುವಾಗಲೇ ಪಕ್ಕದಲ್ಲಿ ಬಿಸಿಲು ಒಡೆಯುವುದು, ಮಘೆ, ಹುಬ್ಬೆ ಮಳೆಗಳ ಕಾಲದಲ್ಲಿ. ನಮ್ಮೂರಿನಲ್ಲಿ ಬಿಸಿಲು ಮಳೆ ಕೂಡಿ ಬಂದರೆ ಕಾಗೆಗೂ ನರಿಗೂ ಮದುವೆ ಎನ್ನುತ್ತಿದ್ದರು. ಆ ಮದುವೆಗೆ ಕಡಲ ದಂಡೆಯಲ್ಲಿ ಕಾಯಬೇಕಾದ ಕಾಲ ಅದು.

ಮೊದಲು ಮಾಡಿದ ಚಿತ್ರದ ವಿಷಯ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಬಿಲ್ಲನ್ನು ಕಡಲ ಮೇಲೆ ಕಂಡ ಮೊದಲ ಬೆಳಗ್ಗೆ ಮನೆಗೆ ಬಂದವನೇ ನೆನಪಿನಿಂದ ಒಂದು ಚಿತ್ರ ಬರೆದೆ. ನೀಲಿ ಕಡಲು, ತಿಳಿ ಬೂದು ಆಕಾಶ, ಅದರ ಮೇಲೆ ಒಂದರ ಪಕ್ಕ ಒಂದರಂತೆ ಏಳು ಪಟ್ಟಿಗಳು, ಕಡಲ ಮೇಲೆ ಬೆಳ್ಳಿಯ ಹಾಗೆ ಮಿನುಗುವ ಬಿಸಿಲ ದಾರಿ. ಒಣಗಿದ ಮೇಲೆ ಗೋಡೆಗೆ ಒರಗಿಸಿ ದೂರದಿಂದ ನೋಡಿದಾಗ ಬಿಲ್ಲು ಆಕಾಶಕ್ಕೆ ಅಂಟಿಸಿದ ರಿಬ್ಬನ್ನಿನ ಹಾಗೆ ಕಂಡಿತು. ತಪ್ಪು ಯಾವುದೆಂದು ಹುಡುಕಿದಾಗ ಒಂದಲ್ಲ, ಮೂರು ಸಿಕ್ಕವು. ಬಿಸಿಲ ದಾರಿ ಕಾಣಬೇಕಾದರೆ ಸೂರ್ಯ ನಮ್ಮೆದುರು ಇರಬೇಕು. ಬಿಲ್ಲು ಕಾಣಬೇಕಾದರೆ ಬೆನ್ನಿಗಿರಬೇಕು. ಎರಡೂ ಒಂದೇ ಚಿತ್ರದಲ್ಲಿ ಇರುವುದು ಸಾಧ್ಯವೇ ಇಲ್ಲ. ಮಳೆಗಾಲದ ದಡದ ಕಡಲು ನೀಲಿಯಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನನ್ನ ಬಿಲ್ಲಿನ ನೀಲಿ ಮತ್ತು ನೇರಳೆಯ ಪಟ್ಟಿಗಳು ಹಿಂದಿನ ಆಕಾಶಕ್ಕಿಂತ ಕಪ್ಪಾಗಿದ್ದವು. ನಿಜವಾದ ಬಿಲ್ಲಿನಲ್ಲಿ ಇದು ಆಗುವ ಮಾತಲ್ಲ. ಹನಿಗಳು ಸೂರ್ಯನ ಬೆಳಕನ್ನು ಹಿಂದಿನ ಮೋಡದ ಬೆಳಕಿನ ಮೇಲೆ ಹೆಚ್ಚುವರಿಯಾಗಿ ನಮಗೆ ಕಳುಹಿಸುತ್ತವೆ. ಆದ್ದರಿಂದ ಬಿಲ್ಲಿನ ಯಾವ ಬಣ್ಣವೂ ತನ್ನ ಹಿಂದಿನ ಮೋಡಕ್ಕಿಂತ ಕಪ್ಪಾಗಿರಲು ಬರುವುದಿಲ್ಲ. ಕಾಗದದ ಮೇಲಿನ ಬಣ್ಣವಾದರೋ ಬೆಳಕನ್ನು ಕೂಡಿಸುವುದಿಲ್ಲ, ಕಳೆಯುತ್ತದೆ. ಪ್ರತಿಯೊಂದು ಲೇಪವೂ ಕಾಗದದ ಬಿಳುಪನ್ನು ಇಷ್ಟಿಷ್ಟೇ ನುಂಗುತ್ತದೆ. ಕಳೆಯುವ ವಸ್ತುವಿನಿಂದ ಕೂಡುವ ವಸ್ತುವನ್ನು ತೋರಿಸುವುದು ಹೇಗೆ ಎಂಬುದೇ ಮುಂದಿನ ಎರಡು ವರ್ಷ ನನ್ನನ್ನು ಕಾಡಿದ ಪ್ರಶ್ನೆ.

ಮರುವರ್ಷ ಬಣ್ಣದ ಡಬ್ಬಿ ಮನೆಯಲ್ಲೇ ಬಿಟ್ಟು, ಪೆನ್ಸಿಲು ಮತ್ತು ಸಣ್ಣ ಪುಸ್ತಕ ಮಾತ್ರ ಒಯ್ದೆ. ಅಳತೆಗೆ ಕೈಯೇ ಸಾಕಾಯಿತು. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಬೆರಳುಗಳನ್ನು ಅಗಲಿಸಿದರೆ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಸುಮಾರು 20 ಡಿಗ್ರಿ ಆಗುತ್ತದೆ. ಬಿಲ್ಲಿನ ಕೇಂದ್ರದಿಂದ ಅಂಚಿಗೆ ಹೆಚ್ಚುಕಡಿಮೆ ಎರಡು ಗೇಣು. ಬಿಲ್ಲಿನ ದಪ್ಪ ಎರಡು ಡಿಗ್ರಿ, ಅಂದರೆ ಚಾಚಿದ ಕೈಯ ಹೆಬ್ಬೆರಳಿನ ಅಗಲ. ಈ ಎರಡು ಅಳತೆಗಳನ್ನು ಹಿಡಿದುಕೊಂಡು ಹಳೆಯ ಚಿತ್ರವನ್ನು ನೋಡಿದರೆ ನಾಚಿಕೆಯಾಗುವಂತಿತ್ತು: ಕೊಡೆಯಷ್ಟು ಸಣ್ಣ ಬಿಲ್ಲನ್ನು ತೊಲೆಯಷ್ಟು ದಪ್ಪವಾಗಿ ಬರೆದಿದ್ದೆ. ಪೂರ್ತಿ ಬಿಲ್ಲು ಒಂದು ತುದಿಯಿಂದ ಇನ್ನೊಂದಕ್ಕೆ ಎಂಬತ್ತು ಡಿಗ್ರಿಯ ಹತ್ತಿರ ಹರಡಿರುತ್ತದೆ. ಒಂದೇ ನೋಟಕ್ಕೆ ಹಿಡಿಸುವುದಲ್ಲ, ಕತ್ತು ತಿರುಗಿಸಿ ನೋಡಬೇಕು. ಸಾಧಾರಣ ನಿಸರ್ಗದೃಶ್ಯವೊಂದರ ಚೌಕಟ್ಟಿಗೆ ಅದರ ಅರ್ಧ ಭಾಗ ಬಂದರೆ ಹೆಚ್ಚು. ಆದ್ದರಿಂದ ಬಿಲ್ಲಿನ ಒಂದು ಕಾಲನ್ನೂ ಏರಿ ಬಾಗುವ ಭಾಗವನ್ನೂ ಮಾತ್ರ ಬರೆಯುವುದೆಂದು ಅಂದೇ ನಿರ್ಧರಿಸಿದೆ.

ಅಂಥದೊಂದು ಬೆಳಗ್ಗೆ, ನಾಡದೋಣಿಯನ್ನು ದಡಕ್ಕೆ ಎಳೆದು ಬಲೆ ಬಿಡಿಸುತ್ತಿದ್ದ ವಯಸ್ಸಾದ ಮೀನುಗಾರರೊಬ್ಬರು ನನ್ನ ಪುಸ್ತಕ ಇಣುಕಿ ನೋಡಿದರು. ನಾನು ಬಣ್ಣಗಳ ಕ್ರಮ ಬರೆದುಕೊಳ್ಳುವುದರಲ್ಲಿ ಮುಳುಗಿದ್ದೆ. ಅವರು ಆಕಾಶದ ಕಡೆಗೆ ಗಲ್ಲ ಎತ್ತಿ, "ಹ್ವಾಯ್ ಮಾಷ್ಟ್ರೇ, ಬಿಲ್ಲಿನ್ ಒಳ್ಗೆ ಬೆಳ್ಕ್ ಜಾಸ್ತಿ ಇತ್ತ್ ಕಾಣಿ" ಎಂದರು. ಅಲ್ಲಿಯವರೆಗೆ ನಾನು ಬಿಲ್ಲನ್ನು ನೋಡಿದ್ದೆನೇ ಹೊರತು ಅದರ ಆಚೀಚೆ ನೋಡಿರಲಿಲ್ಲ. ಅವರು ಹೇಳಿದ ಮೇಲೆ ಕಣ್ಣಿಗೆ ಬಿತ್ತು: ಬಿಲ್ಲಿನ ಒಳಗಿನ ಆಕಾಶ ಹಾಲು ಬೆರೆಸಿದ ಹಾಗೆ ತಿಳಿಯಾಗಿತ್ತು, ಹೊರಗಿನದು ಸ್ಲೇಟಿನ ಹಾಗೆ ಗಾಢವಾಗಿತ್ತು. ಹನಿಯೊಳಗೆ ಒಂದು ಸಲ ಪ್ರತಿಫಲಿಸಿ ಬರುವ ಬೆಳಕು 42 ಡಿಗ್ರಿಯ ಅಂಚಿನಲ್ಲಿ ದಟ್ಟವಾಗಿ ಸೇರಿ ಬಿಲ್ಲಾಗುತ್ತದೆ, ಉಳಿದದ್ದು ಆ ಅಂಚಿನ ಒಳಗೆಲ್ಲ ಹರಡಿಕೊಳ್ಳುತ್ತದೆ. ಅಲ್ಲಿ ಬಣ್ಣಗಳು ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿಯೇ ಆಗುತ್ತವೆ. ಅಂಚಿನ ಹೊರಗೆ ಆ ಬೆಳಕು ಹೋಗುವುದಿಲ್ಲ. ಎರಡು ಸಲ ಪ್ರತಿಫಲಿಸಿದ ಬೆಳಕಿನ ಎರಡನೆಯ ಬಿಲ್ಲು ಸುಮಾರು 51 ಡಿಗ್ರಿಯಲ್ಲಿ, ಬಣ್ಣಗಳ ಕ್ರಮ ತಿರುಗುಮುರುಗಾಗಿ, ಮಸುಕಾಗಿ ಮೂಡುತ್ತದೆ. ಎರಡು ಬಿಲ್ಲುಗಳ ನಡುವಿನ ಆ ಕಪ್ಪು ಪಟ್ಟಿಯನ್ನು ಅಲೆಕ್ಸಾಂಡರನ ಪಟ್ಟಿ ಎಂದು ಕರೆಯುತ್ತಾರೆ. ಚಿತ್ರ ಬರೆಯುವವನಿಗೆ ಏಳು ಬಣ್ಣಗಳಿಗಿಂತ ಈ ಒಳಗು ಹೊರಗುಗಳ ವ್ಯತ್ಯಾಸವೇ ಮುಖ್ಯ ಎಂದು ನಾನು ಈಗ ಹೇಳಬಲ್ಲೆ. ಕಪ್ಪು ಬಿಳುಪಿನಲ್ಲಿ ಬರೆದರೂ, ಒಳಗು ತಿಳಿ, ಹೊರಗು ಗಾಢ, ನಡುವೆ ಒಂದು ಬೆಳಕಿನ ಗೆರೆ ಇದ್ದರೆ ನೋಡುವವರಿಗೆ ಅದು ಕಾಮನಬಿಲ್ಲೆಂದು ತಿಳಿಯುತ್ತದೆ.

ಬಣ್ಣಗಳ ಬಗ್ಗೆಯೂ ಸ್ಥಳದಲ್ಲಿ ಬರೆದುಕೊಂಡ ಟಿಪ್ಪಣಿಗಳು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದುದಕ್ಕೆ ಹೊಂದಲಿಲ್ಲ. ಏಳೆಂಬ ಎಣಿಕೆ ನ್ಯೂಟನ್ನನದು. ಅವನ ದೃಗ್ವಿಜ್ಞಾನದ ಪುಸ್ತಕ ಪ್ರಕಟವಾದದ್ದು 1704ರಲ್ಲಿ. ಕಣ್ಣಿಗೆ ಕಂಡದ್ದು ಹೊರ ಅಂಚಿನಲ್ಲಿ ಒಂದು ಬೆಚ್ಚನೆಯ ಕೆಂಪು, ಅದು ಕಿತ್ತಳೆಯಾಗಿ ಕರಗಿ, ಹಳದಿ ಹೌದೋ ಅಲ್ಲವೋ ಎಂಬಷ್ಟು ತೆಳುವಾಗಿ ಬಂದು, ಅನಂತರ ಒಂದು ತಂಪಾದ ಹಸಿರು, ಅದರಾಚೆ ಬೂದು ಮೋಡದಲ್ಲಿ ಲೀನವಾಗುವ ಮಾಸಿದ ನೇರಳೆ. ಹನಿ ದಪ್ಪವಿದ್ದ ದಿನ ಕೆಂಪು ಎದ್ದು ಕಂಡಿತು. ಜಿನುಗುಮಳೆಯ ದಿನ ಬಿಲ್ಲು ಅಗಲವಾಗಿ, ಬಣ್ಣಗೆಟ್ಟು, ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಒಂದು ದಿನ ಸೂರ್ಯ ಹುಟ್ಟಿದ ಹತ್ತು ನಿಮಿಷಕ್ಕೆ ಮೂಡಿದ ಬಿಲ್ಲು ಅರ್ಧವೃತ್ತದಷ್ಟು ಎತ್ತರವಾಗಿ, ಬರೀ ಕೆಂಪು ಕಿತ್ತಳೆಯಾಗಿ ನಿಂತಿತ್ತು. ಅಷ್ಟು ಕೆಳಗಿನ ಸೂರ್ಯನ ಬೆಳಕು ವಾತಾವರಣದ ಉದ್ದನೆಯ ದಾರಿ ಹಾದು ಬರುವಾಗ ನೀಲಿ, ಹಸಿರುಗಳನ್ನು ದಾರಿಯಲ್ಲೇ ಚೆಲ್ಲಿ ಬಂದಿರುತ್ತದೆ. ಅಂಥ ಬಿಲ್ಲಿಗೆ ಏಳು ಬಣ್ಣ ತುಂಬುವುದು ಸುಳ್ಳು ಹೇಳಿದ ಹಾಗೆ.

ಕಡಲಿನ ಬಣ್ಣ ಇನ್ನೊಂದು ದೊಡ್ಡ ಅಧ್ಯಾಯವಾಯಿತು. ಡಿಸೆಂಬರಿನಲ್ಲಿ ಇದೇ ಮರವಂತೆಯಲ್ಲಿ ಕಡಲು ನೀಲಿ ಹಸಿರಾಗಿರುತ್ತದೆ. ಆಗಸ್ಟಿನಲ್ಲಿ ದಡದ ಹತ್ತಿರ ಚಹಾದ ಬಣ್ಣ, ಅಲ್ಲಿಂದಾಚೆ ಪಾಚಿ ಹಸಿರು, ದಿಗಂತದ ಹತ್ತಿರ ಸೀಸದ ಬೂದು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೇ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ನರಕುಂಡಾ ಎಂಬ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ಒಂದು ನಿಕೋಲ್ ಪ್ರಿಸಂ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ತಡೆದು ನೋಡಿದಾಗ, ನೀಲಿ ಮಾಯವಾಗುವ ಬದಲು ಇನ್ನೂ ಗಾಢವಾಯಿತು. ನೀರು ತಾನೇ ಬೆಳಕನ್ನು ಚದುರಿಸುತ್ತದೆ ಎಂದು ಅವರು ತೋರಿಸಿದರು. ಮುಂದೆ 1928ರ ರಾಮನ್ ಪರಿಣಾಮದ ಶೋಧಕ್ಕೆ ಒಯ್ದ ದಾರಿಯೂ ಇದೇ. 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲಿದ್ದ ಆ ಮಹನೀಯರ ಪ್ರಯೋಗವನ್ನು ನನ್ನ ಮಟ್ಟಿಗೆ ಒಮ್ಮೆ ಮಾಡಿ ನೋಡುವ ಮನಸ್ಸಾಯಿತು. ಸ್ನೇಹಿತರೊಬ್ಬರ ಕ್ಯಾಮೆರಾದ ಪೋಲರೈಸಿಂಗ್ ಫಿಲ್ಟರನ್ನು ಎರವಲು ತಂದು, ಕಣ್ಣಿಗೆ ಹಿಡಿದು ತಿರುಗಿಸುತ್ತಾ ಹೋದೆ. ಒಂದು ಕೋನಕ್ಕೆ ಬಂದಾಗ ಅಲೆಗಳ ಮೇಲಿನ ಬೂದು ಹೊಳಪು ಪೊರೆ ಕಳಚಿದಂತೆ ಹೋಗಿ, ಕೆಳಗಿನ ಮಣ್ಣು ಮಿಶ್ರಿತ ಹಸಿರು ಬಯಲಾಯಿತು. ಹಾಗಾದರೆ ಮಳೆಗಾಲದ ಕಡಲಿಗೆ ಎರಡು ಬಣ್ಣಗಳಿವೆ: ಒಳಗಿನದು ನದಿಗಳು ತಂದು ಸುರಿದ ಮಣ್ಣಿನದು, ಅಲೆಗಳು ಕಲಕಿದ ಮರಳಿನದು, ಮೇಲಿನದು ಮೋಡದ್ದು. ಒಂದೇ ವಾಶ್‌ನಲ್ಲಿ, ಅಂದರೆ ನೀರು ಬೆರೆಸಿದ ಬಣ್ಣದ ಒಂದೇ ಲೇಪದಲ್ಲಿ, ಇದು ಬರುವುದಿಲ್ಲ. ಮೊದಲು ಕಂದು ಹಸಿರನ್ನು ಹಾಕಿ ಒಣಗಲು ಬಿಟ್ಟು, ಮೇಲೆ ತೆಳುವಾದ ಬೂದನ್ನು ಒಣಕುಂಚದಿಂದ ಅಲ್ಲಲ್ಲಿ ಎಳೆಯಬೇಕು.

ಅದೇ ಫಿಲ್ಟರನ್ನು ಬಿಲ್ಲಿನ ಕಡೆಗೆ ತಿರುಗಿಸಿದಾಗ ಆದ ಆಶ್ಚರ್ಯ ಇಂದಿಗೂ ನನ್ನೊಳಗೆ ಹಸಿಯಾಗಿದೆ. ಫಿಲ್ಟರು ಒಂದು ಕೋನದಲ್ಲಿದ್ದಾಗ ಬಿಲ್ಲಿನ ನೆತ್ತಿ ಅಳಿಸಿ ಹೋಗಿ ಕಾಲು ಮಾತ್ರ ಉಳಿಯಿತು. ಕಾಲು ಸುತ್ತು ತಿರುಗಿಸಿದರೆ ಕಾಲು ಅಳಿಸಿ ನೆತ್ತಿ ಬೆಳಗಿತು. ಬಿಲ್ಲಿನ ಬೆಳಕು ಬಿಲ್ಲಿನ ಬಾಗಿಗೆ ಅನುಸಾರವಾಗಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿಗೆ ಇರುತ್ತದೆ, ಎಂಬುದು ಅದರ ಕಾರಣ. ಚಿತ್ರಕ್ಕೆ ಇದರಿಂದ ನೇರವಾದ ಉಪಯೋಗವಿಲ್ಲ. ಆದರೆ ಫಿಲ್ಟರನ್ನು ಬೆರಳಿನಲ್ಲಿ ಹೀಗೆ ತಿರುಗಿಸಿದಾಗ ಬಿಲ್ಲು ಬರುವುದನ್ನೂ ಹೋಗುವುದನ್ನೂ ಕಂಡ ಮೇಲೆ, ಅದನ್ನು ಆಕಾಶದಲ್ಲಿ ತೂಗುಹಾಕಿದ ವಸ್ತುವೆಂದು ಭಾವಿಸಿ ಬರೆಯಲು ಕೈ ಬರಲಿಲ್ಲ.

ಹಿಂದಿನವರು ಏನು ಮಾಡಿದ್ದಾರೆಂದು ಮುದ್ರಿತ ಪ್ರತಿಗಳಲ್ಲಿ ಹುಡುಕಿ ನೋಡಿದ್ದೂ ಆ ವರ್ಷವೇ. ಕ್ರೈಮಿಯಾದ ಫಿಯೊದೊಸಿಯಾದಲ್ಲಿ ಹುಟ್ಟಿ ಬಾಳಿದ ಕಡಲ ಚಿತ್ರಕಾರ ಐವಜೋವ್‌ಸ್ಕಿ 1873ರಲ್ಲಿ ಬರೆದ ಕಾಮನಬಿಲ್ಲಿನ ಚಿತ್ರ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯಲ್ಲಿದೆ. ಬಿರುಗಾಳಿಗೆ ಸಿಕ್ಕಿ ಮಗುಚುತ್ತಿರುವ ಹಡಗು, ಪ್ರಾಣ ಉಳಿಸಿಕೊಳ್ಳಲು ಹೊರಟ ನಾವಿಕರ ದೋಣಿ. ಬಿಲ್ಲು ಮಾತ್ರ ತುಂತುರಿನೊಳಗೆ ಇದೆಯೋ ಇಲ್ಲವೋ ಎಂಬಂತಿದೆ. ಮೊದಲ ನೋಟಕ್ಕೆ ನನಗೆ ಅದು ಕಾಣಲೇ ಇಲ್ಲ, ಕಂಡ ಮೇಲೆ ಕಣ್ಣು ಅಲ್ಲಿಂದ ಕದಲಲಿಲ್ಲ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1798ರಲ್ಲಿ ಪ್ರದರ್ಶಿಸಿದ ಬಟರ್‌ಮಿಯರ್ ಸರೋವರದ ಚಿತ್ರದಲ್ಲಂತೂ ಬಿಲ್ಲು ಹೆಚ್ಚುಕಡಿಮೆ ಬೆಳ್ಳಗಿದೆ. ಸುತ್ತಲಿನ ಬೆಟ್ಟದ ಕಪ್ಪೇ ಅದನ್ನು ಬೆಳಗಿಸುತ್ತದೆ. ಅದೇ ದೇಶದ ಜಾನ್ ಎವರೆಟ್ ಮಿಲ್ಲೆ 1856ರ ಹೊತ್ತಿಗೆ ಮುಗಿಸಿದ ಕುರುಡು ಹುಡುಗಿಯ ಚಿತ್ರದಲ್ಲಿ ಜೋಡಿ ಬಿಲ್ಲುಗಳಿವೆ; ಎರಡಕ್ಕೂ ಒಂದೇ ಕ್ರಮದಲ್ಲಿ ಬಣ್ಣ ಹಾಕಿದ್ದನ್ನು ಬಲ್ಲವರು ತೋರಿಸಿಕೊಟ್ಟ ಮೇಲೆ ಅವನು ಎರಡನೆಯದನ್ನು ತಿದ್ದಿದ. ಅಷ್ಟು ನಿಷ್ಠೆಯಿಂದ ಹುಲ್ಲಿನ ಗರಿಗಳನ್ನು ಬರೆದವನೂ ಬಿಲ್ಲಿನಲ್ಲಿ ಎಡವಿದ್ದನೆಂಬುದು ನನಗೆ ಎಚ್ಚರಿಕೆಯಾಯಿತು. ನಮ್ಮ ವೆಂಕಟಪ್ಪನವರ ಊಟಿ, ಕೊಡೈಕೆನಾಲ್‌ಗಳ ಜಲವರ್ಣಗಳಲ್ಲಿ ಕಡಲಿಲ್ಲ, ಬಿಲ್ಲೂ ನನಗೆ ಕಾಣಲಿಲ್ಲ. ಆದರೆ ಮಂಜಿನ ಹಿಂದಿನ ಬೆಳಕನ್ನು ತೆಳು ಲೇಪಗಳಿಂದ ಕಾಯ್ದುಕೊಳ್ಳುವ ತಾಳ್ಮೆಯನ್ನು ಕಲಿಯುವುದಾದರೆ ಅಲ್ಲಿಯೇ ಕಲಿಯಬೇಕು.

ಇನ್ನು ಬರೆಯುವ ಕೆಲಸ. ಆರಿಸಿಕೊಂಡ ಕ್ಷಣ ಬೆಳಗ್ಗೆ ಏಳೂವರೆಯದು, ಸೂರ್ಯ ಸುಮಾರು 17 ಡಿಗ್ರಿ ಮೇಲಿದ್ದಾಗಿನದು. 38 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರದ ಕಾಗದಕ್ಕೆ 50 ಡಿಗ್ರಿಯ ನೋಟವನ್ನು ಹೊಂದಿಸಿದರೆ ಒಂದು ಡಿಗ್ರಿಗೆ ಮುಕ್ಕಾಲು ಸೆಂ.ಮೀ. ಬರುತ್ತದೆ. ಆ ಲೆಕ್ಕದಲ್ಲಿ ಬಿಲ್ಲಿನ ತ್ರಿಜ್ಯ 31 ಸೆಂ.ಮೀ.ಗಿಂತ ತುಸು ಹೆಚ್ಚು, ದಪ್ಪ ಒಂದೂವರೆ ಸೆಂ.ಮೀ. ದಿಗಂತವನ್ನು ಕಾಗದದ ಕೆಳ ಅಂಚಿನಿಂದ 9 ಸೆಂ.ಮೀ. ಮೇಲಿಟ್ಟಾಗ ಬಿಲ್ಲಿನ ಕೇಂದ್ರ ಕಾಗದದ ಬಲ ಕೆಳಮೂಲೆಯಿಂದಲೂ ಕೆಳಗೆ, ಹಲಗೆಯ ಮೇಲೆ ಬಿತ್ತು. ಅಲ್ಲಿ ಒಂದು ಮೊಳೆ ಹೊಡೆದು, ದಾರ ಕಟ್ಟಿ, ಪೆನ್ಸಿಲಿನಿಂದ ಕಮಾನನ್ನು ತೆಳುವಾಗಿ ಗುರುತು ಮಾಡಿದೆ. ಕೈಯಂದಾಜಿನಿಂದ ಎಳೆದ ಬಿಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೈ ಯಾವಾಗಲೂ ಬಿಲ್ಲನ್ನು ಬೇಗನೆ ಬಗ್ಗಿಸಿಬಿಡುತ್ತದೆ. ಎರಡನೆಯ ಬಿಲ್ಲಿನ ಕಾಲು ಎಡ ಅಂಚಿನ ಒಳಗೆ ಎರಡು ಸೆಂ.ಮೀ.ಯಷ್ಟು ಬಂತು. ಅದನ್ನು ಬರೆಯದೆ ಬಿಟ್ಟು, ನಡುವಿನ ಗಾಢ ಪಟ್ಟಿಯನ್ನು ಮಾತ್ರ ಇಟ್ಟುಕೊಂಡೆ.

ಬಿಲ್ಲನ್ನು ಮೊದಲೇ ಬಿಳಿಯಾಗಿ ಕಾಯ್ದಿರಿಸಲು ಮಾಸ್ಕಿಂಗ್ ದ್ರವ ಬಳಸಿದ ಮೊದಲ ಪ್ರಯತ್ನ ಹಾಳಾಯಿತು. ಅದನ್ನು ಉಜ್ಜಿ ತೆಗೆದಾಗ ಅಂಚುಗಳು ಚಾಕುವಿನಿಂದ ಕತ್ತರಿಸಿದ ಹಾಗೆ ಉಳಿದವು. ಬಿಲ್ಲಿಗೆ ಅಂಥ ಅಂಚು ಎಲ್ಲಿಯೂ ಇಲ್ಲ. ಆಮೇಲೆ ಹಿಡಿದದ್ದು ಎತ್ತುವ ಕ್ರಮ: ಆಕಾಶವನ್ನು ಪೂರ್ತಿಯಾಗಿ ಬರೆದು, ಚೆನ್ನಾಗಿ ಒಣಗಿಸಿ, ಬಿಲ್ಲಿನ ಜಾಗದಲ್ಲಿ ಒದ್ದೆ ಸ್ಪಂಜಿನಿಂದ ಬಣ್ಣವನ್ನು ಮೆಲ್ಲಗೆ ಮೇಲೆತ್ತಿ ಕಾಗದದ ಬಿಳುಪನ್ನು ಮರಳಿ ಪಡೆಯುವುದು. ಎರಡನೆಯ ಪ್ರಯತ್ನದಲ್ಲಿ ಮೋಡಕ್ಕೆ ನಾನು ಬಳಸಿದ್ದು ಪ್ರಷ್ಯನ್ ನೀಲಿ ಬೆರೆಸಿದ ಬೂದು. ಆ ನೀಲಿ ಕಾಗದದ ನಾರಿಗೆ ಕಚ್ಚಿಕೊಳ್ಳುವ ಜಾತಿಯದು. ಎಷ್ಟು ಒರೆಸಿದರೂ ಏಳಲಿಲ್ಲ, ಕಾಗದವೇ ನೂಲೆದ್ದಿತು. ಮೂರನೆಯ ಸಲ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿ ಬೂದು ಮಾಡಿಕೊಂಡೆ. ಇವೆರಡರ ಕಣಗಳು ಕಾಗದದ ಮೇಲೆ ಕುಳಿತುಕೊಳ್ಳುತ್ತವೆಯೇ ಹೊರತು ಒಳಗಿಳಿಯುವುದಿಲ್ಲ. ಒಣಗಿದ ಮೇಲೆ ಕಾಣುವ ಸಣ್ಣ ತರಿತರಿಯೂ ಮಳೆಮೋಡಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಆ ಸಲ ಕಾಗದ ಕೈಕೊಟ್ಟಿತು. ಹಿಂದಿನ ಬೇಸಗೆಯಲ್ಲಿ ತಂದು, ಮಳೆಗಾಲದ ತಂಡಿಯಲ್ಲಿ ಮರದ ಕಪಾಟಿನಲ್ಲಿಟ್ಟಿದ್ದ ಹಾಳೆಗಳ ಅಂಟಿನ ಲೇಪ ಸತ್ತುಹೋಗಿ, ಬಣ್ಣ ಹಾಕಿದ ಕಡೆ ಒತ್ತುಕಾಗದದ ಹಾಗೆ ಹೀರಿಕೊಂಡು ಕಲೆ ಕಲೆಯಾಯಿತು. ಕರಾವಳಿಯಲ್ಲಿ ಜಲವರ್ಣ ಮಾಡುವವರು ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಬೇಕೆಂಬುದನ್ನು ನಾನು ಹೀಗೆ ಕಲಿತೆ. ಬೇಸಗೆಯಲ್ಲಿ ಕಾಲು ಗಂಟೆಗೆ ಒಣಗುವ ವಾಶ್‌ಗೆ ಆಗಸ್ಟಿನಲ್ಲಿ ಒಂದು ಗಂಟೆಯ ಮೇಲೆ ಬೇಕಾಗುತ್ತದೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿದರೆ ತರಿಗಳು ಒಂದು ಕಡೆಗೆ ಸರಿದು ಗೆರೆ ಕಟ್ಟುತ್ತವೆ. ಕಾಯುವುದೊಂದೇ ದಾರಿ.

ನಾಲ್ಕನೆಯ ಹಾಳೆ ಹೊಸದು, ಚದರ ಮೀಟರಿಗೆ 300 ಗ್ರಾಂ ತೂಕದ ಹತ್ತಿಯ ಕಾಗದ. ಹಾಳೆಯನ್ನೆಲ್ಲ ಒದ್ದೆ ಮಾಡಿ ಮೊದಲು ಬಿಲ್ಲಿನ ಒಳಭಾಗಕ್ಕೆ ತೀರ ತೆಳುವಾದ ಬೆಚ್ಚನೆಯ ಬೂದು ಬಿಟ್ಟೆ. ಹೊರಭಾಗಕ್ಕೆ ಬಂದ ಹಾಗೆ ಗಾಢ ಮಾಡುತ್ತಾ, ಕಮಾನಿನ ಹೊರ ಅಂಚಿಗೆ ತಾಗಿದಂತೆ ಎಲ್ಲಕ್ಕಿಂತ ಕಪ್ಪಾದ ಮೋಡವನ್ನು ಇಟ್ಟೆ. ಅದು ಒಂದು ರಾತ್ರಿ ಒಣಗಿತು. ಮರುದಿನ ಹಳೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳೆರಡನ್ನು ಅದೇ ಮೊಳೆ ದಾರದ ಅಳತೆಗೆ ಕತ್ತರಿಸಿ, ನಡುವೆ ಒಂದೂವರೆ ಸೆಂ.ಮೀ. ಸಂದು ಬಿಟ್ಟು ಕಾಗದದ ಮೇಲಿಟ್ಟು, ಹಿಂಡಿದ ಸ್ಪಂಜಿನಿಂದ ಒಂದೊಂದೇ ಸಲ ಒರೆಸುತ್ತಾ ಬಂದೆ. ಪ್ರತಿ ಒರೆತಕ್ಕೂ ಸ್ಪಂಜನ್ನು ತೊಳೆಯಬೇಕು, ಪ್ರತಿ ಒರೆತದ ಮೇಲೂ ಟಿಶ್ಯೂ ಒತ್ತಬೇಕು. ಆರೇಳು ಸಲವಾದ ಮೇಲೆ ಬೂದು ಮೋಡದ ನಡುವೆ ತಿಳಿಯಾದ ಒಂದು ದಾರಿ ತೆರೆದುಕೊಂಡಿತು. ಪ್ಲಾಸ್ಟಿಕ್ ತೆಗೆದು, ಒದ್ದೆ ಕುಂಚದಿಂದ ಎರಡೂ ಅಂಚುಗಳನ್ನು ಸವರಿ ಮೆತ್ತಗೆ ಮಾಡಿದೆ. ಬಣ್ಣವೇ ಇಲ್ಲದ ಆ ಬೆಳಕಿನ ಕಮಾನನ್ನು ನೋಡಿದಾಗ, ಬಿಲ್ಲಿನ ಮುಕ್ಕಾಲು ಪಾಲು ಕೆಲಸ ಆಗಿಹೋಗಿದೆ ಎಂದು ಗೊತ್ತಾಯಿತು.

ಬಣ್ಣಕ್ಕೆ ಬಳಸಿದ್ದು ನಾಲ್ಕೇ: ಕ್ವಿನಾಕ್ರಿಡೋನ್ ರೋಸ್, ಲೆಮನ್ ಯೆಲ್ಲೋ, ವಿರಿಡಿಯನ್ ಹಸಿರು, ಕೋಬಾಲ್ಟ್ ಬ್ಲೂ. ಹೊಸ ನೀರು, ತೊಳೆದ ತಟ್ಟೆ. ಬೂದಿನ ಒಂದು ಹನಿ ಸೇರಿದರೂ ಬಿಲ್ಲು ಕೊಳೆಯಾಗುತ್ತದೆ. ಎತ್ತಿದ ಕಮಾನನ್ನು ನೀರಿನಿಂದ ಒದ್ದೆ ಮಾಡಿ, ಹೊರಗಿನಿಂದ ಒಳಕ್ಕೆ ಒಂದೊಂದನ್ನೂ ಎಳೆದು, ಅವು ತಾವಾಗಿಯೇ ಪಕ್ಕದ ಬಣ್ಣದೊಳಗೆ ಹರಿಯಲು ಬಿಟ್ಟೆ. ಗುಲಾಬಿಯೂ ಹಳದಿಯೂ ಸೇರಿದಲ್ಲಿ ಕಿತ್ತಳೆ ತಾನೇ ಹುಟ್ಟಿತು. ಕೋಬಾಲ್ಟಿನ ಒಳಅಂಚಿಗೆ ರೋಸ್ ಸೋಕಿಸಿದಾಗ ನೇರಳೆ ಬಂದು ಮೋಡದ ತಿಳಿಬೂದಿನಲ್ಲಿ ಕರಗಿತು. ಪ್ಯಾಲೆಟ್ಟಿನಲ್ಲಿ ನೋಡಿದಾಗ ಇಷ್ಟು ತೆಳುವಾದರೆ ಕಾಣುವುದೇ ಇಲ್ಲವೆನಿಸುವಷ್ಟು ನೀರಾಗಿದ್ದ ಬಣ್ಣಗಳು ಅವು. ಕಪ್ಪು ಮೋಡದ ಪಕ್ಕದಲ್ಲಿ ಅವೇ ಉರಿದವು.

ಕಡಲಿನ ಭಾಗದಲ್ಲಿ ನೆನಪಿಟ್ಟುಕೊಂಡದ್ದು ಒಂದೇ, ಬೆಳಕು ಬೆನ್ನಿನಿಂದ ಬರುತ್ತಿದೆ ಎಂಬುದು. ಸಂಜೆಯ ಕಡಲಿನಲ್ಲಿ ಸೂರ್ಯ ಅಲೆಯ ಆಚೆಗಿರುವುದರಿಂದ ಏರಿ ಬಾಗುವ ಅಲೆಯ ಮೇಲಂಚು ಗಾಜಿನ ಹಾಗೆ ಹಸಿರಾಗಿ ಬೆಳಗುತ್ತದೆ. ಬೆಳಗ್ಗೆ ಹಾಗಿಲ್ಲ, ಅಲೆಯ ಮುಖ ನಮ್ಮ ಕಡೆಯಿಂದ ಬೆಳಕು ಪಡೆದು ಮಣ್ಣಿನ ಬಣ್ಣವನ್ನು ಬಿಚ್ಚಿ ತೋರಿಸುತ್ತದೆ, ಒಡೆದ ನೊರೆ ಹಾಲಿಗಿಂತ ಬೆಳ್ಳಗೆ ಕಣ್ಣು ಕುಕ್ಕುತ್ತದೆ. ನೊರೆಗೆ ಕಾಗದದ ಬಿಳುಪನ್ನು ಹಾಗೇ ಬಿಟ್ಟೆ. ಇಡೀ ಚಿತ್ರದಲ್ಲಿ ಬಿಲ್ಲಿಗಿಂತ ನೊರೆ ಬೆಳ್ಳಗಿರಬೇಕು. ಬಿಲ್ಲನ್ನೇ ಎಲ್ಲಕ್ಕಿಂತ ಮೇಲೆ ನಿಲ್ಲಿಸುವ ಆಸೆಗೆ ಬಿದ್ದರೆ ಕಡಲು ಸಾಯುತ್ತದೆ. ದೂರದಲ್ಲಿ ಒಂದು ನಾಡದೋಣಿ, ಅದರ ದಡದ ಕಡೆಯ ಮಗ್ಗುಲಿಗೆ ಬಿಸಿಲು.

ಚಿತ್ರ ಮುಗಿಯಿತೆಂದು ಸಹಿ ಹಾಕಿದ ವಾರದಲ್ಲೇ, ಹುಬ್ಬೆ ಮಳೆಯ ಒಂದು ಬೆಳಗ್ಗೆ ಮತ್ತೆ ಅದೇ ಬಂಡೆಗಳ ಪಕ್ಕದಲ್ಲಿ ನಿಂತಿದ್ದೆ. ಮಳೆ ಕಡಲಿನಿಂದ ದಡದತ್ತ ಬರುತ್ತಿತ್ತು, ಬೆನ್ನಿಗೆ ಬಿಸಿಲು. ಬಿಲ್ಲಿನ ಕಾಲು ದಿಗಂತದಲ್ಲಿ ನಿಲ್ಲಲಿಲ್ಲ. ಮಳೆಯ ಜೊತೆಗೆ ಅದು ದಿಗಂತದ ಈಚೆಗೆ ಇಳಿದು, ಪಾಚಿ ಹಸಿರು ನೀರಿನ ಮುಂದೆ, ಆಮೇಲೆ ಕಂದು ಅಲೆಯ ಮುಂದೆ, ತುಸು ಎಡಕ್ಕೆ ಸರಿಯುತ್ತಾ ಬಂದು, ನನ್ನಿಂದ ಇಪ್ಪತ್ತು ಮಾರು ದೂರದ ಕಪ್ಪು ಬಂಡೆಯ ಮೇಲೆ ಹಸಿರು ಕೆಂಪುಗಳ ಹೊಗೆಯಂತೆ ನಿಂತಿತು. ಮೋಡದ ಮೇಲಿದ್ದುದಕ್ಕಿಂತ ಆ ಬಂಡೆಯ ಮುಂದೆ ಅದು ಹೆಚ್ಚು ಸ್ಪಷ್ಟವಾಗಿತ್ತು, ಏಕೆಂದರೆ ಹಿಂದಿನದು ಅಷ್ಟು ಕಪ್ಪು. ನನ್ನ ಚಿತ್ರದಲ್ಲಿ ಬಿಲ್ಲು ದಿಗಂತದ ಗೆರೆಗೆ ಬಂದು ಕತ್ತರಿಸಿದ ಹಾಗೆ ನಿಂತಿತ್ತು. ಮಳೆ ಅಲ್ಲಿಗೇ ನಿಂತಿದೆಯೆಂದು ನಾನು ಯೋಚಿಸದೆ ಒಪ್ಪಿಕೊಂಡಿದ್ದೆ.

ಮನೆಗೆ ಬಂದು ಹಲಗೆಯ ಮೇಲಿನ ಮೊಳೆಯ ತೂತನ್ನು ಹುಡುಕಿ, ಮತ್ತೆ ಮೊಳೆ ಸಿಕ್ಕಿಸಿ, ದಾರವನ್ನು ಅದೇ ಅಳತೆಗೆ ಬಿಗಿದು ದಿಗಂತದ ಕೆಳಕ್ಕೆ ಎಳೆದೆ. ಕಮಾನು ಅಲೆಗಳನ್ನು ಹಾದು, ಎಡ ಅಂಚಿನಿಂದ ಏಳು ಸೆಂ.ಮೀ. ಈಚೆಗೆ ಕಾಗದದ ಬುಡ ಮುಟ್ಟಿತು. ಒಣಗಿದ ಕಂದು ಹಸಿರಿನ ಮೇಲೆ ಸ್ಪಂಜು ಇಟ್ಟು ಮೊದಲ ಸಲ ಒರೆಸಿದಾಗ ಬಣ್ಣ ಎದ್ದಿತು.